ಅವ್ವ ಕಥೆ ಹೇಳಿದ ಫೋಟೋ

ನಮ್ಮೂರಿನ ಗ್ರಂಥಾಲಯವನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಗಳುವವರೆಲ್ಲ ಅದನ್ನು ಫೋಟೋದಲ್ಲಿ ನೋಡಿದವರು. ಫೋಟೋದಲ್ಲಿ ಅದು ಬಲು ಚೆಂದ. ಗೋಡೆಯ ಮೇಲೆ ಬಣ್ಣದ ಅಕ್ಷರಗಳು, ನೆಲಕ್ಕೆ ಚಾಪೆ, ಚಾಪೆಯ ಮೇಲೆ ಮಕ್ಕಳು, ಮಕ್ಕಳ ಕೈಯಲ್ಲಿ ಪುಸ್ತಕ. ಫೋಟೋ ಮುಗಿದ ಕೂಡಲೇ ಆ ಪುಸ್ತಕಗಳನ್ನು ಕಿತ್ತುಕೊಂಡು, ಎಣಿಸಿ, ಗಾಜಿನ ಅಲ್ಮಾರದೊಳಗೆ ಇಟ್ಟು ಬೀಗ ಹಾಕುತ್ತಾರೆ. ‘ಹದಿಹರೆಯದವರ ಓದಿನ ಮೂಲೆ’ ಎಂದು ಬೋರ್ಡು ಹಾಕಿದ ಕಡೆ ಪಂಚಾಯಿತಿಯ ಬ್ಲೀಚಿಂಗ್ ಪೌಡರಿನ ಮೂಟೆಗಳಿವೆ. ಫೋಟೋ ತೆಗೆಯುವ ದಿನ ಅವುಗಳಿಗೊಂದು ಜಮಖಾನ ಹೊದಿಸುತ್ತಾರೆ.

ನಾನು ಹೊಸಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನಮ್ಮೂರು ಸಂಡೂರಿನ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ, ಅವ್ವ ಇನ್ನೂ ಅಲ್ಲೇ ಬಾಳಬೇಕು. ಅಣ್ಣ, ಅತ್ತಿಗೆಯ ಜೊತೆ ಇದ್ದಾಳೆ, ಕೂಲಿಗೆ ಹೋಗುತ್ತಾಳೆ. ನಾಟಿಯ ಕಾಲ ಬಂದರೆ ಊರ ಹೆಂಗಸರೆಲ್ಲ ಆಟೋದಲ್ಲಿ ತುಂಬಿಕೊಂಡು ಕಂಪ್ಲಿ ಕಡೆಯ ಗದ್ದೆಗಳಿಗೆ ಹೋಗುತ್ತಾರೆ. ಬಗ್ಗಿ ಸಸಿ ಹಚ್ಚುತ್ತಲೇ ಅವ್ವ ಕಥೆ ಹೇಳುತ್ತಾಳೆ. ಅವಳ ಪಕ್ಕದಲ್ಲಿ ನಿಲ್ಲಲು ಹೆಂಗಸರು ಕಿತ್ತಾಡಿದ್ದೂ ಉಂಟು.

ಕಳೆದ ವರ್ಷ ಒಂದು ದಿನ ಅವ್ವ ಫೋನು ಮಾಡಿದಳು. ದನಿಯೇ ಬೇರೆಯಾಗಿತ್ತು.

“ಶನಿವಾರ ಗ್ರಂಥಾಲಯದಾಗ ಅಜ್ಜಿ ಕಥಿ ಕಾರ್ಯಕ್ರಮ ಐತಂತ. ನನ್ನ ಕರದಾರ. ಹುಡುಗ್ರಿಗೆ ಹೇಳಬೇಕಂತ.”

ಆ ವಾರವೆಲ್ಲ ಅವಳಿಗೆ ಅದೇ ಚಿಂತೆ. ಸಣ್ಣ ಮಕ್ಕಳು, ಕಥೆಯಲ್ಲಿ ಯಾರೂ ಸಾಯಬಾರದು. ಉದ್ದವಾದರೆ ತೂಕಡಿಸುತ್ತಾರೆ, ಗಿಡ್ಡವಾದರೆ ಇಷ್ಟಕ್ಕೆ ಕರೆಸಿದೆವಾ ಎನ್ನುತ್ತಾರೆ. ಕೊನೆಗೆ ಒಂದನ್ನು ಆರಿಸಿ ಹಿತ್ತಲಲ್ಲಿ ಎಮ್ಮೆಯ ಮುಂದೆ ಹೇಳಿ ನೋಡಿದಳಂತೆ. ಅತ್ತಿಗೆ ಅದನ್ನು ಹೇಳಿ ನಕ್ಕಳು, ನಾನೂ ನಕ್ಕೆ. ಶನಿವಾರ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ.

ಅವ್ವ ತಲೆಗೆ ಎಣ್ಣೆ ಹಚ್ಚಿ, ಮದುವೆಗಳಿಗೆ ಮಾತ್ರ ಉಡುವ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಗ್ರಂಥಾಲಯದೊಳಗೆ ಅವಳು ಕಾಲಿಡುತ್ತಿದ್ದುದು ಅದೇ ಮೊದಲು. ಗ್ರಂಥಪಾಲಕ ನನ್ನ ಅಣ್ಣನಿಗಿಂತ ಚಿಕ್ಕವನು.

“ಏ, ಬಾ, ಆ ಕುರ್ಚಿ ಮ್ಯಾಲ ಕುಂದ್ರು,” ಎಂದ ಅವ್ವನಿಗೆ. ನನ್ನ ಕೊರಳಲ್ಲಿದ್ದ ಲ್ಯಾಬಿನ ಐಡಿ ಕಾರ್ಡು ನೋಡಿದ್ದೇ, “ಬರ್ರಿ ಮೇಡಂ, ಕುಂದ್ರಿ,” ಎಂದು ಹಲ್ಲು ಕಿರಿದ. ಅಲ್ಲೇ ಎರಡು ಮಾತು ಆಡಬೇಕಿತ್ತು. ಅವ್ವನ ದಿನ ಕೆಡಿಸಬಾರದೆಂದು ನುಂಗಿಕೊಂಡೆ.

ಇಪ್ಪತ್ತು ಮಕ್ಕಳಿದ್ದರು. ಮೊದಲು ‘ಗಟ್ಟಿ ಓದು’ ಆಯಿತು. ಅಂದರೆ ಪುಸ್ತಕ ಹಂಚಿದರು, ಫೋಟೋ ತೆಗೆದರು, ಪುಸ್ತಕ ಕಿತ್ತುಕೊಂಡರು. ಆಮೇಲೆ ‘ಚೆಸ್ ತರಬೇತಿ’. ಕುದುರೆ ಹೇಗೆ ನಡೆಯುತ್ತದೆಂದು ಒಬ್ಬ ಹುಡುಗ ಕೇಳಿದ್ದಕ್ಕೆ, “ಮುಟ್ಟಬ್ಯಾಡಲೇ, ಫೋಟೋ ಆಗ್ಲಿ,” ಎಂಬ ಉತ್ತರ ಬಂತು. ನಂತರ ‘ಕುಟುಂಬದೊಂದಿಗೆ ಓದು’. ಊರಿನ ಯಾವ ಕುಟುಂಬವೂ ಬಂದಿರಲಿಲ್ಲ.

“ಮೇಡಂ, ಒಂದ ನಿಮಿಷ ಈ ಇಬ್ಬರಿಗೆ ನೀವು ತಾಯಿ ಆಗ್ರಿ,” ಎಂದ ಗ್ರಂಥಪಾಲಕ.

ನನಗೆ ಮದುವೆಯೇ ಆಗಿಲ್ಲ. ಆದರೂ ಯಾರದೋ ಇಬ್ಬರು ಮಕ್ಕಳನ್ನು ಎಡಕ್ಕೂ ಬಲಕ್ಕೂ ಕೂರಿಸಿಕೊಂಡು ಪುಸ್ತಕ ಹಿಡಿದು ನಕ್ಕೆ. ಯಾಕೆ ನಕ್ಕೆನೋ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊನೆಗೆ ಅವ್ವನ ಸರದಿ. ಹಿಂದೆ ಬ್ಯಾನರು ಕಟ್ಟಿದರು. ತಿಂಗಳ ಹೆಸರಿದ್ದ ಕಡೆ ಕಾಗದದ ಚೀಟಿ ಅಂಟಿಸಿದ್ದರು, ಪ್ರತಿ ತಿಂಗಳೂ ಅದೇ ಬ್ಯಾನರು. ಮಕ್ಕಳು ಅವ್ವನ ಕಾಲಬುಡದಲ್ಲಿ ಅರ್ಧಚಂದ್ರದ ಹಾಗೆ ಕೂತರು, ಅದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

“ಒಂದ ಊರಾಗ...”

“ಹೇಳಬ್ಯಾಡ, ಹೇಳಬ್ಯಾಡ,” ಎಂದ ಆತ ಮೊಬೈಲಿನಿಂದ ಕಣ್ಣು ತೆಗೆಯದೆ. “ಅಳ್ಳಾಡಿದ್ರ ಮಸುಕಾಗತೈತಿ. ಬಾಯಿ ತಗದು ಹಿಡಿ ಅಷ್ಟ. ಹೇಳಿದಂಗ ಕಾಣಬೇಕು. ಒಂದು ಕೈ ಮ್ಯಾಲೆತ್ತು.”

ಅವ್ವ ಬಾಯಿ ತೆರೆದು ಹಿಡಿದಳು. ಒಂದು ಕೈ ಎತ್ತಿದಳು. ಬಿದ್ದುಹೋದ ಎರಡು ಹಲ್ಲುಗಳ ಜಾಗ ಎಲ್ಲರಿಗೂ ಕಾಣುತ್ತಿತ್ತು.

“ಹುಡುಗ್ರಾ, ಆಶ್ಚರ್ಯ!” ಎಂದು ಆತ ಕೂಗಿದ. ಇಪ್ಪತ್ತು ಮಕ್ಕಳೂ ಒಟ್ಟಿಗೆ ಕೆನ್ನೆಗೆ ಕೈಯಿಟ್ಟು ಕಣ್ಣರಳಿಸಿದರು. ನಾಲ್ಕು ಸಲ ಕ್ಲಿಕ್ ಎಂದಿತು. “ಆತು, ಹೋಗ್ರಿ,” ಎಂದ. ಮಕ್ಕಳು ಎದ್ದು ಬಿಸ್ಕತ್ತಿನ ಡಬ್ಬಿಯ ಕಡೆ ಓಡಿದರು. ಅವ್ವನ ಕೈ ಇನ್ನೂ ಮೇಲೇ ಇತ್ತು.

ನನಗೆ ತಡೆಯಲಾಗಲಿಲ್ಲ.

“ಇದೇನ್ರಿ ಇದು? ವಾರ ಪೂರ್ತಿ ತಯಾರಾಗಿ ಬಂದಾಳ ನಮ್ಮವ್ವ. ಆಕಿ ಕಥಿ?”

“ಮೇಡಂ, ಮ್ಯಾಲಿನೋರು ಫೋಟೋ ಕೇಳ್ತಾರ. ಕಥಿ ಕಳಿಸಾಕ ವರದಿಯಾಗ ಜಾಗ ಇಲ್ಲ.”

“ಹಂಗಾದ್ರ ನಮ್ಮವ್ವನ್ನ ಯಾಕ ಕರದ್ರಿ?”

“ತಲಿ ಬೆಳ್ಳಗೈತಲ್ರಿ. ಅಜ್ಜಿ ಅಂದ್ರ ಅಜ್ಜಿ ಹಂಗ ಕಾಣಬೇಕು.”

ನಾನು ಹೋಗಿ ಬಾಗಿಲು ಹಾಕಿ ಚಿಲಕ ಜಡಿದೆ. ಬಿಸ್ಕತ್ತಿನ ಡಬ್ಬಿ ಕಿತ್ತುಕೊಂಡೆ. “ಎಲ್ಲಾರೂ ಕುಂದ್ರಿ! ಕಥಿ ಮುಗಿಯೋಮಟ ಒಬ್ಬರೂ ಏಳಂಗಿಲ್ಲ,” ಎಂದು ಗದರಿದೆ. ಮಕ್ಕಳು ಬೆದರಿ ಮತ್ತೆ ಅರ್ಧಚಂದ್ರವಾದರು. ಗ್ರಂಥಪಾಲಕ ಕೈಕಟ್ಟಿ ಪೌಡರಿನ ಮೂಟೆಯ ಮೇಲೆ ಕೂತ. ಗೆದ್ದೆ ಎಂದುಕೊಂಡೆ.

“ಅವ್ವಾ, ಈಗ ಹೇಳು.”

ಅವ್ವ ಮಕ್ಕಳನ್ನು ನೋಡಿದಳು. ಮುಂದಿನ ಸಾಲಿನ ಒಂದು ಹುಡುಗಿ ನನ್ನನ್ನೊಮ್ಮೆ ಹೆದರಿ ನೋಡಿ ಕೆನ್ನೆಗೆ ಕೈಯಿಟ್ಟುಕೊಂಡಳು. ಅವಳನ್ನು ಕಂಡು ಪಕ್ಕದವನೂ ಇಟ್ಟುಕೊಂಡ. ನೋಡನೋಡುತ್ತಿದ್ದಂತೆ ಇಪ್ಪತ್ತೂ ಮಕ್ಕಳು ಕಣ್ಣರಳಿಸಿ ಕೂತುಬಿಟ್ಟರು. ಅವ್ವ ಇನ್ನೂ ಒಂದು ಮಾತೂ ಆಡಿರಲಿಲ್ಲ.

“ಬಾಗ್ಲ ತಗಿ,” ಎಂದಳು ಅವ್ವ.

“ಹೇಳವ್ವಾ, ನಾ ಅದೀನಿ. ಯಾರಿಗೂ ಅಂಜಬ್ಯಾಡ. ಹೇಳು!”

ಅವ್ವ ಕುರ್ಚಿಯಿಂದ ಎದ್ದಳು. “ಆತ ಬಾಯಿ ತಗಿ ಅಂದ. ನೀ ಹೇಳು ಅಂತಿ. ಯಾವ ಕಥಿ ತಂದೀನಿ ಅಂತ ನಿಮ್ಮಿಬ್ಬರಾಗ ಒಬ್ಬರಾದ್ರೂ ಕೇಳಿದ್ರೇನು?”

ತಾನೇ ಹೋಗಿ ಚಿಲಕ ತೆಗೆದಳು. ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ಬಿಸ್ಕತ್ತು ಕೊಟ್ಟು ಕಳಿಸಿದಳು. ಮನೆಗೆ ಬಂದವಳೇ ಸೀರೆ ಮಡಚಿ ಟ್ರಂಕಿಗೆ ಹಾಕಿ, ಹಳೆಯದನ್ನು ಉಟ್ಟು, ಎಮ್ಮೆಗೆ ನೀರು ಇಟ್ಟಳು.

ಫೋಟೋ ಸಂಜೆಗೇ ಊರಿನ ವಾಟ್ಸಾಪ್ ಗ್ರೂಪಿಗೆ ಬಂತು. ಎಲ್ಲರೂ ಹೂವು, ಚಪ್ಪಾಳೆ ಹಾಕಿದರು. ನಿಮ್ಮ ತಾಯಿ ಎಷ್ಟು ಚೆನ್ನಾಗಿ ಕಥೆ ಹೇಳುತ್ತಾರೆ ಎಂದು ಫೋಟೋ ನೋಡಿದ ಲ್ಯಾಬಿನವರೊಬ್ಬರೂ ಹೊಗಳಿದರು. ಅವರಿಗೆ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಅವತ್ತು ಯಾವ ಕಥೆ ಹೇಳಬೇಕೆಂದಿದ್ದೆ ಎಂದು ಆಮೇಲೆ ಅವ್ವನನ್ನು ಎರಡು ಸಲ ಕೇಳಿದ್ದೇನೆ. ಮೊದಲನೆಯ ಸಲ ಕೇಳಿಸದವಳ ಹಾಗೆ ಒಳಗೆ ಹೋದಳು. ಎರಡನೆಯ ಸಲ ನಿಂತು ನನ್ನ ಮುಖ ನೋಡಿದಳು.

“ಅದು ಹುಡುಗ್ರ ಕಥಿ,” ಎಂದಳು. “ನಿನಗಲ್ಲ.”