ಕುದುರೆಯಿಂದ ಬಿದ್ದವನ ತಂಗಿ

ಬೆಳಗಿನ ಐದೂವರೆ. ಟೆಲಿವಿಷನ್ ಕೇಂದ್ರದ ನೆಲಮಾಳಿಗೆಯಲ್ಲಿ ಓವನ್ನಿನ ಬಾಗಿಲು ತೆರೆದು, ಹದವಾದ ಬಿಸಿಯಲ್ಲಿ ಒಣಗಿದ ಟೇಪಿನ ಸುರುಳಿಯೊಂದನ್ನು, ಕೇಂದ್ರದವರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸು ಎರಡೂ ಅಂಗೈಯಲ್ಲಿ ಎತ್ತಿಕೊಳ್ಳುತ್ತಾರೆ. ಅಂಚಿಗೆ ಬೆರಳು ತಾಗಿಸಿ ನೋಡುತ್ತಾರೆ. ತೇವಕ್ಕೆ ಹಿಡಿದಿದ್ದ ಅಂಟು ಬಿಟ್ಟಿದೆ. ಇನ್ನು ಮೆತ್ತನೆಯ ಬಟ್ಟೆಯಲ್ಲಿ ಬೂಷ್ಟು ಒರೆಸಬೇಕು. ಅಕ್ಕನಿಗೆ ಈಗ ಅರವತ್ತೊಂದು.

ಊರಿಗೆ ಊರೇ ಕೆಲಸ ಬಿಟ್ಟು ಕೂತು ನೋಡಿದ ಮಹಾಕಾವ್ಯದ ಧಾರಾವಾಹಿಯ ಮೂಲ ಟೇಪುಗಳಿವು. ಒಟ್ಟು ಎಂಬತ್ತಾರು ಕಂತು. ಅಂದಿನ ಕಿರೀಟ, ಸಿಂಹಾಸನಗಳಿಗೆಲ್ಲ ಈಗ ಬೂಷ್ಟು ಹಿಡಿದಿದೆ. ಇಷ್ಟು ಹಳೆಯ ಟೇಪು ಯಂತ್ರದ ಮೇಲೆ ಒಮ್ಮೆ ಓಡಿದರೆ ಮುಗಿಯಿತು, ಚಿತ್ರ ಹಿಡಿದಿಟ್ಟ ಪದರ ಉದುರಿಹೋಗುತ್ತದೆ. ಆ ಒಂದೇ ಓಟದಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ದಿನಕ್ಕೆ ಎಂಟು ತಾಸು ಒರೆಸಿದರೂ ವಾರಕ್ಕೆ ಒಂದೇ ಟೇಪು. ಇದುವರೆಗೆ ಐವತ್ತೆಂಟು ದಕ್ಕಿವೆ, ಒಂಬತ್ತು ಕೈಕೊಟ್ಟಿವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಕೆಮ್ಮು ಅಕ್ಕನನ್ನು ಬಿಟ್ಟಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಅಕ್ಕ ಇಲ್ಲಿಗೆ ಬಂದದ್ದು ಕಸ ಗುಡಿಸಲು. ಹೊಟ್ಟೆಪಾಡು ಎಂದು ಎಲ್ಲರೂ ತಿಳಿದರು. ಹೊಟ್ಟೆಪಾಡೂ ಹೌದು, ಆದರೆ ಕಣ್ಣಿದ್ದದ್ದು ಬೀಗ ಹಾಕಿದ ಟೇಪಿನ ಬೀರುವಿನ ಮೇಲೆ. ಅದಕ್ಕೂ ಒಂಬತ್ತು ವರ್ಷ ಮೊದಲು, ಧಾರಾವಾಹಿಯ ಯುದ್ಧದ ಕಂತುಗಳಲ್ಲಿ ಅವರ ಅಣ್ಣ ದಿನಗೂಲಿಯ ಸೈನಿಕ. ಇವತ್ತು ಈ ಪಕ್ಷ, ನಾಳೆ ಆ ಪಕ್ಷ, ಅಂಟಿಸಿದ ಮೀಸೆ ಮಾತ್ರ ಅದೇ. ಎಡಗೈಯಲ್ಲಿ ಭರ್ಜಿ ಹಿಡಿಯುತ್ತಿದ್ದ ಅವನಿಗೆ ಎಡಚ ಎಂದೇ ಹೆಸರು. ಒಂದು ಸಂಜೆ ತಲೆ ಒಡೆದಿದ್ದ ಅವನನ್ನು ಯಾರೋ ಆಸ್ಪತ್ರೆಯ ಬಾಗಿಲಲ್ಲಿ ಮಲಗಿಸಿ ಹೋದರು. ಬೆಳಗಾಗುವುದರೊಳಗೆ ತೀರಿಕೊಂಡ. ಅವನು ಅಂದು ಶೂಟಿಂಗಿಗೆ ಬಂದೇ ಇರಲಿಲ್ಲ, ಕುಡಿದು ಬೀದಿಯಲ್ಲಿ ಬಿದ್ದಿದ್ದಾನೆ ಎಂದು ಹೇಳಿ ಧಾರಾವಾಹಿ ತೆಗೆದ ಕಂಪನಿಯವರು ಕೈತೊಳೆದುಕೊಂಡರು.

ನಾಲ್ಕು ತಿಂಗಳ ನಂತರ, ಪಕ್ಕದ ಮನೆಯ ಟಿವಿಯಲ್ಲಿ ಒಬ್ಬ ಸೈನಿಕ ಕುದುರೆಯಿಂದ ಉರುಳಿದ. ಭರ್ಜಿ ಎಡಗೈಯಲ್ಲಿತ್ತು.

“ನಮ್ಮಣ್ಣ ಅಂತ ಕಿರುಚಿದೆ. ಸುಮ್ನಿರಮ್ಮ, ಯುದ್ಧ ನಡೀತಿದೆ ಅಂದ್ರು. ಸೈನಿಕರೆಲ್ಲ ಒಂದೇ ತರ ಇರ್ತಾರೆ ಅಂದ್ರು. ಅಮ್ಮನೂ ನಂಬ್ಲಿಲ್ಲ. ಮಗ ಕುಡಿದು ಸತ್ತ ಅಂತ ಮೂವತ್ತೈದು ವರ್ಷ ತಲೆ ತಗ್ಗಿಸ್ಕೊಂಡೇ ಬದುಕಿದ್ಲು.”

ಅಣ್ಣನ ಮೇಲಿನ ಆ ಮಾತು ಸುಳ್ಳೆಂದು ತಾಯಿಗೆ ತೋರಿಸಬೇಕು, ಅದೂ ಆಕೆ ಬದುಕಿರುವಾಗಲೇ. ಟೇಪು ಒರೆಸಲು ಕರೆಸಿದ್ದವರು ವಾಸನೆ ತಾಳಲಾರದೆ ಓಡಿಹೋದಾಗ ಕೆಲಸ ಅಕ್ಕನ ಪಾಲಿಗೆ ಬಂತು. ಯಾವ ಟೇಪು ಮೊದಲು ಎಂಬುದೂ ಅವರ ಮರ್ಜಿ. ಆದರೂ ಆ ಕಂತನ್ನು ಮುಟ್ಟಲಿಲ್ಲ. “ಐವತ್ತು ಟೇಪು ಮಾಡಿ ಕೈ ಪಳಗ್ಲಿ ಅಂತ ಕಾದೆ. ಒಂದೇ ಸಲ ಓಡೋದು ನೋಡಿ.”

ಕಳೆದ ತಿಂಗಳು ಅದನ್ನು ತೆಗೆದರು. ಟೇಪಿನಲ್ಲಿ ಧ್ವನಿಗೆ ಎರಡು ಹಾದಿ. ಒಂದರಲ್ಲಿ ಜನ ಕೇಳಿದ ಮಾತು, ಸಂಗೀತ. ಇನ್ನೊಂದರಲ್ಲಿ ಶೂಟಿಂಗಿನ ಜಾಗದ ಹಸಿ ಸದ್ದು. ಬರೀ ಗಲಾಟೆ ಎಂದು, ಟೇಪು ಓಡಿಸುವ ಯಂತ್ರದವರು ಅದನ್ನು ಇಳಿಸಿಕೊಳ್ಳುವುದೇ ಇಲ್ಲ. ಇದೊಂದಕ್ಕೆ ಎರಡೂ ಇರಲಿ ಎಂದು ಅಕ್ಕ ಕೇಳಿಕೊಂಡರು. ಇಷ್ಟು ವರ್ಷ ಏನನ್ನೂ ಕೇಳಿದವರಲ್ಲ. ಯಂತ್ರದವರು ಗೊಣಗುತ್ತಲೇ ಒಪ್ಪಿದರು.

ಕುದುರೆ ಓಡಿ ಬರುವ ಹೊತ್ತಿಗೆ ಸರಿಯಾಗಿ ಪದರ ಎದ್ದಿತು. ಪರದೆ ತುಂಬ ಬಿಳಿ ಗೀರು. ಹತ್ತು ದಿನ ಒರೆಸಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂದು ಅಕ್ಕ ಕಣ್ಣು ಮುಚ್ಚಿದರು. ಸದ್ದು ಮಾತ್ರ ಓಡುತ್ತಲೇ ಇತ್ತು. ಕುದುರೆ ನೋಡಿಕೊಳ್ಳುವವನು ಕೂಗಿಕೊಂಡ: “ಎಡಚ ಬಿದ್ದ, ತಲೆ ಒಡೀತು, ನಿಲ್ಸಿ!” ಹಿಂದೆಯೇ ಇನ್ನೊಂದು ದನಿ, ಆತುರವಿಲ್ಲದ್ದು: “ಕ್ಯಾಮೆರಾ ನಿಲ್ಸಬೇಡ. ಚೆನ್ನಾಗಿ ಬರ್ತಿದೆ.”

ಯಂತ್ರದವರು ಎದ್ದು ಹೊರಗೆ ಹೋದರು. ಅಕ್ಕ ಕೂತೇ ಇದ್ದರು.

ಕಂಪನಿ ಎಂದೋ ಮುಚ್ಚಿದೆ, ಹಿಡಿದು ಕೇಳಲು ಯಾರೂ ಉಳಿದಿಲ್ಲ. ಅಂದು ಸಂಜೆ ಆ ಸದ್ದನ್ನು ಮೊಬೈಲಿನಲ್ಲಿ ಒಯ್ದು ಎಂಬತ್ತೆಂಟರ ತಾಯಿಯ ಕಿವಿಗೆ ಹಿಡಿದರು. ತಾಯಿ ಎರಡು ಸಲ ಕೇಳಿಸಿಕೊಂಡು, ಸಾಕೆಂದು ಕೈಯಾಡಿಸಿದರು.

“ಹೆಣದ ಮುಂದೆ ನಿಂತು ಬೈದಿದ್ದೆ ಕಣೇ. ಕುಡುಕ ಅಂತ ಬೈದೇ ಕಳಿಸ್ದೆ ನನ್ ಮಗನ್ನ.”

ಮಗಳು ಬಯಸಿದ್ದು ಇದನ್ನಲ್ಲ. ತಾಯಿ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಕೇಳಿಸಿ ತಪ್ಪು ಮಾಡಿದೆನೇನೋ ಎಂದು ಅಕ್ಕ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ, ಆಮೇಲೆ ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. ಹತ್ತೊಂಬತ್ತು ಕಂತು ಬಾಕಿ ಇವೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಸುರುಳಿಯಿಂದ ಕಣ್ಣೆತ್ತದೆ ಹೇಳುತ್ತಾರೆ: “ಉಳಿದಿದ್ದಕ್ಕೂ ಎರಡೂ ಹಾದಿ ಇಳಿಸ್ಕೊಳ್ಳಿ ಅಂತ ಕೇಳಿದ್ದೀನಿ. ಬಿದ್ದೋನು ನಮ್ಮಣ್ಣ ಒಬ್ನೇ ಅಂತ ಏನು ಗ್ಯಾರಂಟಿ?”