ಹುಳುಮನೆಯಲ್ಲಿ ಆಡಿದ ಜಪಾನಿ ಮಾತು

ಪದವಿಗೆ ಸೇರಿದಾಗ ಕನ್ನಡ, ಇಂಗ್ಲಿಷುಗಳ ಜೊತೆಗೆ ಮೂರನೆಯದೊಂದು ಭಾಷೆ ತೆಗೆದುಕೊಳ್ಳಬೇಕೆಂದರು. ನಮ್ಮ ಕಡೆಯಿಂದ ಹೋದವರೆಲ್ಲ ಕಣ್ಣು ಮುಚ್ಚಿಕೊಂಡು ಹಿಂದಿ ಎಂದು ಬರೆದುಕೊಟ್ಟರು. ನಾನು ಜಪಾನಿ ಎಂದು ಬರೆದೆ. ಎಲ್ಲರೂ ಹೋಗುವ ದಾರಿಯಲ್ಲೇ ಹೋಗಬೇಕೆಂದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. "ಇವಳು ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ಲು" ಎನ್ನುತ್ತಿದ್ದಳು ಅಮ್ಮ.

ಅದು ಎಪ್ಪತ್ತರ ದಶಕದ ಮೊದಮೊದಲು. ಬೂದಿಗೆರೆಯ ಹತ್ತಿರದ ನಮ್ಮೂರಿನಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಸಂಜೆ ಮನೆ ಸೇರುತ್ತಿದ್ದೆ. ಜಪಾನಿ ತರಗತಿಯಲ್ಲಿ ನಾವು ಏಳು ಜನ. ಕಲಿಸುತ್ತಿದ್ದವರು ಜಪಾನಿನವರೇ, ಯಾವುದೋ ಕಾರ್ಖಾನೆಯ ಎಂಜಿನಿಯರರ ಹೆಂಡತಿ. ತಪ್ಪು ಹೇಳಿದರೆ ತಪ್ಪು ಅನ್ನುತ್ತಿರಲಿಲ್ಲ. ಅದೇ ವಾಕ್ಯವನ್ನು ತಾವು ಸರಿಯಾಗಿ ಹೇಳಿ ಸುಮ್ಮನಾಗುತ್ತಿದ್ದರು. ಬೈಸಿಕೊಳ್ಳುವುದೇ ಎಷ್ಟೋ ಮೇಲಾಗಿತ್ತು. ಆರು ತಿಂಗಳಾದರೂ ನಾವು 'ಇದು ಪುಸ್ತಕ, ಅದು ಕಿಟಕಿ' ಎನ್ನುವುದನ್ನು ದಾಟಿರಲಿಲ್ಲ. ನನಗೋ ಪಾಠ ಓಡಬೇಕಿತ್ತು. ಬಸ್ಸಿನಲ್ಲಿ ಕೂತು ಹುಣಸೆಮರ, ಮೈಲಿಗಲ್ಲು ಕಂಡಿದ್ದನ್ನೆಲ್ಲ ಜಪಾನಿಯಲ್ಲಿ ಎಣಿಸುತ್ತಿದ್ದೆ. ಪಕ್ಕದಲ್ಲಿದ್ದವರು ಏನೋ ಮಂತ್ರ ಹಾಕುತ್ತಿದ್ದಾಳೆಂದು ಸರಿದು ಕೂರುತ್ತಿದ್ದರು.

ಅಪ್ಪನಿಗೆ ಈ ಓದಿನ ಬಗ್ಗೆ ಅರ್ಧ ಹೆಮ್ಮೆ, ಅರ್ಧ ಅನುಮಾನ. ಹೊಸಕೋಟೆ ಕಡೆಯಿಂದ ಬಂದಿದ್ದ ಒಂದು ಸಂಬಂಧಕ್ಕೆ ಇನ್ನೂ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅಂಥದ್ದರಲ್ಲಿ ರೇಷ್ಮೆ ಇನ್ಸ್‌ಪೆಕ್ಟರು ಬಂದು, ಜಪಾನಿನ ತಜ್ಞರೊಬ್ಬರನ್ನು ಭಾನುವಾರ ನಾವು ರೇಷ್ಮೆಹುಳು ಸಾಕುವ ಹುಳುಮನೆ ನೋಡಲು ಕರೆತರುವುದಾಗಿ ಹೇಳಿದರು. ಅಪ್ಪ ತಡೆಯಲಾರದೆ, "ನನ್ನ ಮಗಳಿಗೆ ಅವರ ಭಾಷೆ ಬತ್ತದೆ ಸ್ವಾಮಿ" ಎಂದುಬಿಟ್ಟರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದರು.

"ನೋಡವ್ವಾ, ನಾಕು ಜನದ ಮುಂದೆ ನಾಕು ಮಾತಾಡು. ಆಡಿದ್ರೆ ಎಷ್ಟು ಬೇಕಾದ್ರೂ ಓದು. ಆಡದಿದ್ರೆ ಸಾಕು, ಹೊಸಕೋಟೆಯೋರಿಗೆ ಹೇಳಿ ಕಳಿಸ್ತೀನಿ."

ಆ ವಾರ ನಾನು ಕೂತಲ್ಲಿ ಕೂರಲಿಲ್ಲ. ಭಾನುವಾರ ಬೆಳಗ್ಗೆ ಎದ್ದರೆ ಮುಟ್ಟಾಗಿದ್ದೆ.

ಹುಳು ಮೇಯಿಸುವ ಮನೆಗಳಲ್ಲಿ ಮುಟ್ಟಾದವಳು ಮೂರು ದಿನ ಹಿತ್ತಲ ಕಡೆಯ ಚಪ್ಪರದಲ್ಲಿರಬೇಕು, ಹುಳುಮನೆಯ ಕಡೆ ತಲೆ ಹಾಕಬಾರದು. ನೆರಳು ಬಿದ್ದರೂ ಹುಳು ಕೆಡುತ್ತವೆ ಎಂಬ ನಂಬಿಕೆ. ಯಜಮಾನಿ, ಕೂಲಿಯವಳು ಎಂಬ ಭೇದವಿಲ್ಲದೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಕಟ್ಟಳೆ ಅದೊಂದೇ. ಅವತ್ತು ಹುಳುಗಳು ನಾಲ್ಕನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಸಿದಿದ್ದವು. ಇನ್ನು ಎಂಟು ದಿನಕ್ಕೆ ಗೂಡು. ಅಮ್ಮನಿಗೆ ಹೇಳಿದರೆ ನಾನು ಚಪ್ಪರದಲ್ಲಿ, ಅಪ್ಪನ ಮಾನ ಬೀದಿಯಲ್ಲಿ, ನನ್ನ ಓದು ಹೊಸಕೋಟೆಯಲ್ಲಿ. ನಾನು ಹೇಳಲಿಲ್ಲ. ತಲೆಗೆ ನೀರು ಹಾಕಿಕೊಂಡು ಒಳ್ಳೆ ಸೀರೆ ಉಟ್ಟು ನಿಂತೆ.

ಬಂದ ತಜ್ಞರು ಸಣ್ಣ ಆಳು, ಐವತ್ತರ ಆಸುಪಾಸು. ಹೊಸ್ತಿಲ ಹೊರಗೆ ಯಾರೂ ಹೇಳದೆಯೇ ಬೂಟು ಬಿಚ್ಚಿಟ್ಟು, ಕೈ ತೊಳೆಯಲು ನೀರು ಬೇಕೆಂದು ಸನ್ನೆ ಮಾಡಿದರು. "ತಾಯಿ ಚೆನ್ನಾಗಿ ಬುದ್ಧಿ ಕಲ್ಸವ್ಳೆ" ಎಂದು ಅಮ್ಮ ಮೆಚ್ಚಿದಳು. ನಾನು ಹುಳುಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಒಳಗೆ ಹೋದೆ. ಬಿದಿರು ತಟ್ಟೆಗಳಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. 'ಇದು ತಟ್ಟೆ, ಅದು ಕಿಟಕಿ, ಇಲ್ಲಿ ಸೆಕೆ' ಎಂದು ಜಪಾನಿಯಲ್ಲಿ ಅಂದೆ. ನನಗೆ ಬರುತ್ತಿದ್ದದ್ದು ಅಷ್ಟೇ. ಅವರ ಮುಖ ಅರಳಿತು. ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು, ರೇಷ್ಮೆಹುಳುವಿಗೆ ತಮ್ಮ ಭಾಷೆಯ ಹೆಸರು ಹೇಳಿಕೊಡುತ್ತಾ, "ಕೈಕೊ" ಎಂದರು. ನಾನು ಅಂದೆ. ಮತ್ತೆ ಅಂದರು, ಮತ್ತೆ ಅಂದೆ. ಕಿಟಕಿಗೆ ಬಡಿದಿದ್ದ ಗೋಣಿಯನ್ನು ಸ್ವಲ್ಪ ಸರಿಸಿ ಎಂದು ಅವರು ಕೈಸನ್ನೆಯೊಡನೆ ಅಂದದ್ದನ್ನು ಊಹಿಸಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಜಗಲಿಯ ಮೇಲೆ ಸೇರಿದ್ದ ಊರವರು ಬಿಟ್ಟ ಬಾಯಿ ಮುಚ್ಚಲಿಲ್ಲ. ಅಪ್ಪ ಅಂಗವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು. ಹೊಸಕೋಟೆಯ ಮಾತು ಅಲ್ಲಿಗೆ ನಿಂತಿತು.

ಐದನೆಯ ದಿನ ಹುಳುಗಳಿಗೆ ಸಪ್ಪೆರೋಗ ಬಂತು. ಮೈ ಮೆತ್ತಗಾಗಿ, ಸೊಪ್ಪು ಬಿಟ್ಟು, ತಟ್ಟೆ ತಟ್ಟೆಯೇ ಕಪ್ಪಾಗಿ ನಾರತೊಡಗಿತು. ಎರಡು ದಿನದಲ್ಲಿ ಬೆಳೆಯೆಲ್ಲ ತಿಪ್ಪೆ ಸೇರಿತು. ಆ ವಾರ ಜಡಿಮಳೆ ಹಿಡಿದು, ನೆಂದ ಸೊಪ್ಪನ್ನೇ ಹಾಕಿದ್ದೆವು. ಕಾರಣ ಅದಿರಬಹುದೆಂದು ಆಮೇಲೆ ಓದಿ ತಿಳಿದೆ. ಅವತ್ತು ಮಾತ್ರ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾದ ನಾನು, ನನ್ನಿಂದಲೇ ಆಯಿತು ಎಂದು ನಂಬಿದ್ದೆ.

ಅಮ್ಮ ಕಾರಣ ಹುಡುಕುತ್ತಾ ಹೋಗಿ ನಮ್ಮಲ್ಲಿ ಸೊಪ್ಪು ಕುಯ್ಯುತ್ತಿದ್ದ ಹೆಂಗಸಿನ ಹತ್ತಿರ ನಿಂತಳು. ನಾನು ಲಂಗ ಹಾಕುತ್ತಿದ್ದಾಗಿನಿಂದಲೂ ನಮ್ಮ ತೋಟದಲ್ಲಿ ದುಡಿದವಳು, ಗಂಡನಿಲ್ಲದವಳು.

"ಮುಟ್ಟಾಗಿದ್ದು ಮುಚ್ಚಿಟ್ಕೊಂಡು ಒಳಕ್ಕೆ ಬಂದಿದ್ದೀಯ. ನಿಜ ಹೇಳು" ಎಂದಳು ಅಮ್ಮ.

ಅವಳು ನನ್ನ ಕಡೆ ನೋಡಲೂ ಇಲ್ಲ. "ಇಲ್ಲ ಕಣವ್ವ" ಎಂದಳು, ಒಂದೇ ಸಲ. ನಾಳೆಯಿಂದ ಬರಬೇಡ ಎಂದಳು ಅಮ್ಮ. ನಾನು ಕಂಬ ಹಿಡಿದು ನಿಂತಿದ್ದೆ. ನಾನು ಹೇಳಬಹುದಿತ್ತು, ಹೇಳಲಿಲ್ಲ. ಬಾಯಿ ತೆರೆದರೆ ಓದು ಹೋಗುತ್ತದೆ ಎನ್ನುವ ಹೆದರಿಕೆಯ ಮುಂದೆ ನನಗೆ ಇನ್ನೇನೂ ಕಾಣಲಿಲ್ಲ. ಅವಳು ಕುಡುಗೋಲನ್ನು ಸೂರಿನಲ್ಲಿ ಸಿಕ್ಕಿಸಿ ಹೊರಟುಹೋದಳು.

ನಾಲ್ಕು ದಿನ ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತಾ ಕೂತೆ. ಐದನೆಯ ದಿನ ಬಸ್ಸಿಳಿದವಳು ಮನೆಗೆ ಹೋಗದೆ ಕೆರೆ ಏರಿಯ ಕೆಳಗಿದ್ದ ಅವಳ ಗುಡಿಸಿಲಿಗೆ ಹೋದೆ. ಅವಳು ರಾಗಿ ಕೇರುತ್ತಿದ್ದಳು. ಹೇಗೆ ಶುರು ಮಾಡುವುದೆಂದು ತಿಳಿಯದೆ, "ಅವತ್ತು ಮುಟ್ಟಾಗಿದ್ದೋಳು ನಾನು" ಎಂದೆ.

ಅವಳು ಮೊರ ನಿಲ್ಲಿಸಲಿಲ್ಲ. "ಗೊತ್ತು ಕಣವ್ವ. ನೀನು ಬೇಲಿ ಮೇಲೆ ಮುಟ್ಟಿನ ಬಟ್ಟೆ ಹಾಕಿ ಮರ್ತೋಗಿದ್ದೆ. ನಿಮ್ಮಮ್ಮ ನೋಡ್ಯಾಳು ಅಂತ ನಾನೇ ತಗ್ದು ಮುಚ್ಚಿಟ್ಟೆ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ನಿನ್ನನ್ನ ಯಾರಿಗೋ ಕಟ್ಟಿಬಿಡೋರು. ನಂಗೇನು, ಇಲ್ಲಲ್ದಿದ್ರೆ ಇನ್ನೊಂದು ತೋಟ." ರಾಗಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದು, "ಆದ್ರೆ ನೀನೇ ಹೇಳ್ತೀಯ ಅಂತ ಅವತ್ತು ಕಾಯ್ಕೊಂಡಿದ್ದೆ" ಎಂದಳು.

ನಾನು ಅಳುತ್ತಾ ಮನೆಗೆ ಬಂದೆ. ಅಮ್ಮ ಏನಾಯಿತೆಂದು ಕೇಳಿದಳು. ಬಸ್ಸಿನಲ್ಲಿ ಕಣ್ಣಿಗೆ ಧೂಳು ಬಿತ್ತು ಎಂದೆ. ಮಾರನೆಯ ದಿನ ಜಪಾನಿ ಪರೀಕ್ಷೆಯಿತ್ತು. ಬೆಳಗ್ಗೆ ಎದ್ದು ಅದೇ ಬಸ್ಸು ಹತ್ತಿದೆ.