ಕಪಾಳದೇಟಿಗೆ ವನ್ಸ್ ಮೋರ್

ಕಾಲೇಜಿನ ವಾರ್ಷಿಕೋತ್ಸವದ ದಿನ ಸ್ಟಾಫ್ ರೂಮಿನ ಪಕ್ಕದ ಕೋಣೆಯಿಂದ ಒಂದು ವಾಸನೆ ಬಂತು. ನಕಲಿ ಮೀಸೆ ಅಂಟಿಸುವ ಗೋಂದಿನ ವಾಸನೆ, ಮೂಗಿಗೆ ಬಡಿಯುವ ಸ್ಪಿರಿಟ್ಟಿನ ಘಾಟು. ಇಣುಕಿ ನೋಡಿದೆ. ವಿದ್ಯಾರ್ಥಿಗಳು ಮೀಸೆ ಅಂಟಿಸಿಕೊಂಡು, ಕನ್ನಡಿಯೆದುರು ಎದೆಯುಬ್ಬಿಸಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯ ಎದುರು ಖೋಲಿಯಲ್ಲಿದ್ದ ಕಾಕಾ ನೆನಪಾದರು.

ಈಗ ಮುಂಬಯಿಯ ಮುಲುಂಡಿನಲ್ಲಿ ಅಕೌಂಟೆನ್ಸಿ ಕಲಿಸುವ ನಾನು ಹುಟ್ಟಿ ಬೆಳೆದದ್ದು ಧಾರಾವಿಯಲ್ಲಿ. ನಮ್ಮ ವಂಶದಲ್ಲಿ ಪದವಿಯ ಮುಖ ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ ಅದು. ನಮ್ಮ ಗಲ್ಲಿಯ ತುಂಬ ವಿಜಾಪುರದ ಕಡೆಯವರು, ಚರ್ಮದ ಕೆಲಸಕ್ಕೆಂದು ಬಂದವರು. ಕಾಕಾ ಬೆಲ್ಟ್ ಕತ್ತರಿಸುತ್ತಿದ್ದರು. ಅವರ ಹೆಂಡತಿ ಕಾಕು ಮನೆಯಲ್ಲೇ ಪರ್ಸ್ ಹೊಲಿಯುತ್ತಿದ್ದಳು. ಹೊಲಿಗೆಯ ಕೆಲಸ ಹೆಚ್ಚಿದ್ದಾಗ ಕಾಕಾ ತಾವೇ ರೊಟ್ಟಿ ಬಡಿಯುತ್ತಿದ್ದರು, ಅದೂ ಬಾಗಿಲು ತೆರೆದಿಟ್ಟುಕೊಂಡು. ಯಾರಾದರೂ ಚೇಷ್ಟೆ ಮಾಡಿದರೆ, "ಬಾರಪ್ಪ, ನಿನಗೂ ಒಂದು ಬಡೀತೀನಿ" ಎಂದು ನಗುತ್ತಿದ್ದರು.

ಅವರ ಒಬ್ಬಳೇ ಮಗಳು ನನ್ನ ಗೆಳತಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹತ್ತನೆಯ ಪರೀಕ್ಷೆ ಬರೆದೆವು. ಲೆಕ್ಕದಲ್ಲಿ ಅವಳು ನನಗಿಂತ ಮುಂದಿದ್ದಳು. ಕಾಲೇಜಿನ ಮಾತು ಮೊದಲು ತೆಗೆದವರೂ ಕಾಕಾನೇ. "ಇಬ್ರೂ ಕೂಡೇ ಹೋಗ್ರಿ, ಕೂಡೇ ಬರ್ರಿ. ಲೋಕಲ್ ಟ್ರೇನಿನ್ಯಾಗ ಲೇಡೀಸ್ ಡಬ್ಬಾ ಬಿಟ್ಟು ಬ್ಯಾರೇದಕ್ಕ ಹತ್ತಬ್ಯಾಡ್ರಿ" ಎಂದು ನಮ್ಮಪ್ಪನ ಎದುರಿಗೇ ಹೇಳಿದ್ದರು. ಅಪ್ಪ ಒಪ್ಪಿದ್ದು ಅವರ ಮಾತು ಕೇಳಿಯೇ.

ಆ ಬೇಸಿಗೆಯಲ್ಲಿ ನಮ್ಮ ಗಲ್ಲಿಯವರು ನಾಟಕ ಆಡಿದರು. ಬರೆದವನು ಗಲ್ಲಿಯ ಟೇಲರ್. ನಾವೆಲ್ಲ ಅವನನ್ನು ಮಾಸ್ತರ ಎನ್ನುತ್ತಿದ್ದೆವು. ಅದು ನಮ್ಮಂಥವರದೇ ಕಥೆ. ಊರು ಬಿಟ್ಟು ಮುಂಬಯಿಗೆ ಬಂದು ಗೋದಾಮಿನಲ್ಲಿ ಮೂಟೆ ಹೊರುವ ಒಬ್ಬ ಹಮಾಲ, ಅವನು ಸಾಕಿ ಬೆಳೆಸಿದ ತಂಗಿ. ತಂಗಿ ತನ್ನ ಜೊತೆ ಕೆಲಸ ಮಾಡುವವನನ್ನು ಮೆಚ್ಚುತ್ತಾಳೆ. ಜನ ಅಣ್ಣನನ್ನು ಆಡಿಕೊಳ್ಳುತ್ತಾರೆ. ಗಂಡಸುತನ ಕೆಣಕಿದವರ ಮಾತು ಕೇಳಿ ಅವನು ಮೊದಲು ತಂಗಿಯ ಕಪಾಳಕ್ಕೆ ಹೊಡೆಯುತ್ತಾನೆ, ಆಮೇಲೆ ಕೊಂದೇ ಬಿಡುತ್ತಾನೆ. ಕೊನೆಯ ಅಂಕದಲ್ಲಿ ಹೆಣದ ಮುಂದೆ ಕೂತು ಅವಳ ಕೈ ಹಿಡಿದು ಕ್ಷಮೆ ಕೇಳುತ್ತಾನೆ. ನಾಟಕ ಬರೆದದ್ದೇ ಈ ಅಂಕಕ್ಕಾಗಿ ಎಂದು ಮಾಸ್ತರ ಹೇಳುತ್ತಿದ್ದ.

ಹಮಾಲನ ಪಾತ್ರ ಕಾಕಾನದು. ಎತ್ತರದ ಆಳು, ಗಟ್ಟಿ ದನಿ. ಆದರೆ ಕೈ ಏಳುತ್ತಿರಲಿಲ್ಲ. ತಂಗಿಯ ಪಾತ್ರಕ್ಕೆ ಊರ ಕಡೆಯಿಂದ ಕರೆಸಿದ ಕಲಾವಿದೆಗೆ ತಾಲೀಮಿನಲ್ಲಿ ಮೆಲ್ಲಗೆ ಒಂದೇಟು ಕೊಟ್ಟು, "ತಂಗೀ, ಪೆಟ್ಟಾತೇನವ್ವಾ?" ಎಂದುಬಿಟ್ಟರು.

"ಅರೆ ಕಾಕಾ! ಕೊಲ್ಲೋ ಮನಷಾ ಪೆಟ್ಟಾತೇನಂತ ಕೇಳ್ತಾನೇನ್ರಿ?" ಎಂದು ಮಾಸ್ತರ ತಲೆ ತಲೆ ಚಚ್ಚಿಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಯ ಅಂಕ ಮಾತ್ರ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಪ್ರತಿ ಸಲವೂ ನಿಜವಾಗಿ ಅಳುತ್ತಿದ್ದರು.

ನಮ್ಮ ಕಡೆಯ ನಾಟಕ ನೋಡಿದವರಿಗೆ ಗೊತ್ತು... ಹಾಡು ಹಿಡಿಸಿದರೆ ಜನ 'ವನ್ಸ್ ಮೋರ್' ಎಂದು ಕೂಗುತ್ತಾರೆ. ಕೂಗಿದ ಮೇಲೆ ಇನ್ನೊಮ್ಮೆ ಹಾಡಲೇಬೇಕು. ಇಲ್ಲವೆಂದರೆ ಸಭೆಗೆ ಅವಮಾನ. ನಮ್ಮ ನಾಟಕ ನಡೆದ ಭಾನುವಾರ ಸಂಜೆ ಹಾಡಿಗೆ ಯಾರೂ ಕೂಗಲಿಲ್ಲ. ಕಾಕಾ ಮೀಸೆ ಹಚ್ಚಿಕೊಂಡು ಬಂದು ತಂಗಿಯ ಕಪಾಳಕ್ಕೆ ಹೊಡೆದಾಗ ಇಡೀ ಹಾಲ್ ಎದ್ದು ನಿಂತಿತು. ವನ್ಸ್ ಮೋರ್! ವನ್ಸ್ ಮೋರ್!

ಕಾಕಾ ಗಲಿಬಿಲಿಗೊಂಡು ಪರದೆಯ ಮರೆಯಲ್ಲಿದ್ದ ಮಾಸ್ತರನ ಕಡೆ ನೋಡಿದರು. ಅವನು ಹೂಂ ಎಂದು ಕೈ ಮಾಡಿದ. ಕಲಾವಿದೆ ಎದ್ದು, ಸೆರಗು ಸರಿಮಾಡಿಕೊಂಡು, ಹೊಡೆಸಿಕೊಳ್ಳಲು ಮತ್ತೆ ಅದೇ ಜಾಗಕ್ಕೆ ಬಂದು ನಿಂತಳು. ಎರಡನೆಯ ಏಟು ಜೋರಾಗಿತ್ತು. ಮತ್ತೆ ಕೂಗು. ಮುಂದಿನದು ನಟನೆಯ ಏಟಲ್ಲವೆಂದು ಹಿಂದಿನ ಸಾಲಿನಲ್ಲಿದ್ದ ನಮಗೂ ತಿಳಿಯಿತು. ಆಮೇಲೆ ಆಯೇರಿ. ನಾಟಕ ನಿಲ್ಲಿಸಿ ನಟನಿಗೆ ಮರ್ಯಾದೆ ಮಾಡುವುದು ನಮ್ಮಲ್ಲಿ ರೂಢಿ. "ಗಂಡಸಂದ್ರ ಹಿಂಗಿರಬೇಕು ಅಂತ ತೋರಿಸಿದ ಹುಲಿಗೆ ಗೆಳೆಯರ ಬಳಗದಿಂದ ರುಮಾಲು!" ಎಂದು ಮೈಕಿನಲ್ಲಿ ಕೂಗಿದರು. ಅದೇ ರುಮಾಲು ಸುತ್ತಿಕೊಂಡು ಕಾಕಾ ತಂಗಿಯನ್ನು ಕೊಂದರು.

ಕೊನೆಯ ಅಂಕ ಶುರುವಾಗುವಷ್ಟರಲ್ಲಿ ಜನ ಚಪ್ಪಲಿ ಹುಡುಕುತ್ತಿದ್ದರು. ಕಾಕಾ ಅಳತೊಡಗಿದಾಗ ಯಾರೋ ಕೂಗಿದ, "ಬಸ್ ಕರೋ ಕಾಕಾ, ಹೆಂಗಸರಂಗ ಯಾಕ ಅಳ್ತಿ!" ನಗೆ ಎದ್ದಿತು. ಕಾಕಾ ಮಾತು ಅರ್ಧಕ್ಕೇ ನಿಲ್ಲಿಸಿದರು. ಪರದೆ ಬಿತ್ತು.

ಆಮೇಲೆ ಮಲಾಡಿನ ಕನ್ನಡದವರು ಅದೇ ನಾಟಕಕ್ಕೆ ಕರೆದರು. ಅಲ್ಲಿ ಕೊನೆಯ ಅಂಕವನ್ನೇ ಕಿತ್ತುಹಾಕಿದರು. ಕಾಕಾ ಬೇಡ ಅನ್ನಲಿಲ್ಲ. ಗೋಂದಿನ ಮೀಸೆ ಹೋಗಿ ಅವರ ಮುಖದಲ್ಲಿ ನಿಜದ ಮೀಸೆ ಬಂತು. ಬಾಗಿಲು ತೆರೆದು ರೊಟ್ಟಿ ಬಡಿಯುವುದು ನಿಂತಿತು. ಗಲ್ಲಿಯಲ್ಲಿ ಎಲ್ಲರಿಗೂ ಅವರು ಹುಲಿ.

ರಿಸಲ್ಟ್ ಬಂತು, ಇಬ್ಬರೂ ಪಾಸಾದೆವು. ಕಾಲೇಜಿಗೆ ಹೆಸರು ಹಚ್ಚಲು ಹೊರಡಬೇಕಿದ್ದ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಒಬ್ಬ ಕೇಳಿದನಂತೆ, "ಏನ್ ಹುಲಿ, ಸ್ಟೇಜಿನ್ಯಾಗ ತಂಗೀನ್ನ ಕೊಂದಿ, ಮನ್ಯಾಗ ಮಗಳನ್ನ ಲೋಕಲ್ ಹತ್ತಿಸ್ತಿ?" ಇಷ್ಟೇ ಮಾತು. ಹಿಂದಿನ ಕಾಕಾ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು.

ನಾನು ಹೊಸ ಚೂಡಿದಾರ ತೊಟ್ಟು ಅವಳಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದೆ. ಕಾಕಾ ಬಂದವರೇ ಅವಳ ಕೈಯಲ್ಲಿದ್ದ ಚೀಲ ಕಿತ್ತು ಎಸೆದರು. "ಯಾಕಪ್ಪಾ?" ಎಂದಳು. ಕಪಾಳಕ್ಕೆ ಬಿತ್ತು. ಕಾಕು ನಡುವೆ ಬಂದು, "ಇದು ನಾಟಕ ಅಲ್ರೀ!" ಎಂದು ಚೀರಿದಳು. ಕಾಕಾನ ಕೈ ಇಳಿಯಿತು. ಅಷ್ಟರಲ್ಲಿ ಗಲ್ಲಿಯ ಜನ ಬಾಗಿಲ ಮುಂದೆ ನೆರೆದಿದ್ದರು. ಯಾರೂ ಏನೂ ಕೂಗಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಕಾಕಾ ಆ ಮುಖಗಳನ್ನೆಲ್ಲ ಒಮ್ಮೆ ನೋಡಿದರು... ಮತ್ತೆ ಹೊಡೆದರು.

ಅಂದು ನಾನೊಬ್ಬಳೇ ಹೋದೆ. ದೀಪಾವಳಿಗೆ ಮುಂಚೆ ಅವಳ ಮದುವೆಯಾಯಿತು. ನಾನು ಪದವಿ ಮುಗಿಸಿದಾಗ ಅಪ್ಪ ಗಲ್ಲಿಗೆಲ್ಲ ಪೇಢೆ ಹಂಚಿದರು. ಕಾಕಾ ನಮ್ಮ ಹೊಸ್ತಿಲ ಹೊರಗೇ ನಿಂತು, "ನಿಮ್ಮಪ್ಪ ಯಾವ ಪಾತ್ರಾನೂ ಮಾಡ್ಲಿಲ್ಲ ನೋಡವ್ವ, ಛಲೋ ಆತು" ಎಂದರು. ನಾನು ಅವರ ಕೈಗೊಂದು ಪೇಢೆ ಇಟ್ಟು ಒಳಗೆ ಹೋದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಬಂದ ಹಳಬರು ಗಲ್ಲಿಯ ತುದಿಯಲ್ಲಿ ನಿಂತು, "ಏನ್ ಹೊಡೆತ್ರೀ ಅದು, ಸಭಾ ನಡುಗಿಬಿಡ್ತಿತ್ತು!" ಎಂದು ಮೆಚ್ಚಿಕೊಳ್ಳುತ್ತಿದ್ದರು. ಸತ್ತವರ ಪುಣ್ಯವೆಂದು ಅವರಿಗೆ ನೆನಪಾದದ್ದು ಅದೊಂದೇ.

ಗೆಳತಿ ಬಂದಿದ್ದಳು. ಕೂದಲು ನೆರೆತಿತ್ತು. ಅವಳು ಅಳುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರದಿದ್ದನ್ನು ಕೇಳಿದಳು.

"ಕಾಲೇಜಿನ್ಯಾಗ ಮೊದಲ್ನೇ ದಿನ ಏನ್ ಕಲಿಸಿದ್ರು?"

ನೆನಪು ಮಾಡಿಕೊಳ್ಳಲು ನೋಡಿದೆ. ಎಷ್ಟು ಕೆದಕಿದರೂ ಏನೂ ಬರಲಿಲ್ಲ.

"ನೆನಪಿಲ್ಲ ನೋಡವ್ವಾ" ಎಂದೆ.

ಅವಳು ನನ್ನನ್ನೇ ನೋಡಿದಳು. "ನಾನಾಗಿದ್ರ ಮರೀತಿದ್ದಿಲ್ಲ" ಎಂದಳು.